ಅರ್ಧ ಆದ ಸಾಫ್ಟ್‌ವೇರನ್ನು ಗೋದಾಮಿಗೆ ಒಯ್ದಾಗ

ಗೋದಾಮಿಗೆ ಬರುವ ಸರಕನ್ನು ದಾಖಲಿಸುವ ಸಾಫ್ಟ್‌ವೇರ್ ಅದು. ಅರ್ಧ ಮುಗಿದಾಗಲೇ ಸ್ಟೋರ್‌ಕೀಪರ್ ಒಬ್ಬರ ಮೇಜಿಗೆ ಒಯ್ದೆ. "ಕೆಲವು ಬಟನ್ ಒತ್ತಿದ್ರೆ ಏನೂ ಆಗಲ್ಲ. ಪರೀಕ್ಷೆ ಸಾಫ್ಟ್‌ವೇರ್‌ಗೆ, ನಿಮಗಲ್ಲ" ಅಂತ ಮೊದಲೇ ಹೇಳಿದೆ. ಇದನ್ನು ಹೇಳದಿದ್ದರೆ ಜನ ತಮ್ಮದೇ ತಪ್ಪು ಅಂದುಕೊಂಡು ಸುಮ್ಮನಾಗಿಬಿಡುತ್ತಾರೆ.

ಲಾರಿ ಬಂತು. ಅವರು ಕಂಪ್ಯೂಟರ್ ಮುಟ್ಟಲೇ ಇಲ್ಲ. ರಟ್ಟಿನ ಚೂರೊಂದರ ಮೇಲೆ ಪೆನ್ಸಿಲ್‌ನಲ್ಲಿ ಐದೈದು ಗೀಟು ಹಾಕುತ್ತಾ ಪೆಟ್ಟಿಗೆ ಎಣಿಸಿದರು. ಆಮೇಲೆ ಬಂದು ಕೂತರು. ನನ್ನ ಸ್ಕ್ರೀನ್ ಮೊದಲು ಕೇಳಿದ್ದು ಬಿಲ್ ನಂಬರ್. ಬಿಲ್ ಇನ್ನೂ ಡ್ರೈವರ್ ಕೈಯಲ್ಲೇ ಇತ್ತು. ಅವರು 1 ಅಂತ ಒತ್ತಿ ಮುಂದೆ ಹೋದರು. "ಹಾಗಲ್ಲ" ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡು, "ಈಗ ಏನು ಯೋಚನೆ ಮಾಡಿದ್ರಿ?" ಅಂತ ಮಾತ್ರ ಕೇಳಿದೆ. "ಬಿಲ್ ಆಮೇಲೂ ಬರುತ್ತೆ. ಲಾರಿ ಹೋದ್ಮೇಲೆ ಎಣಿಸೋಕಾಗುತ್ತಾ?" ಅಂದರು. ಆಫೀಸಿನಲ್ಲಿ ಕೂತು ಎಷ್ಟು ಮೀಟಿಂಗ್ ಮಾಡಿದ್ದರೂ ಈ ಮಾತು ನನ್ನ ಕಿವಿಗೆ ಬೀಳುತ್ತಿರಲಿಲ್ಲ.

ಅಷ್ಟರಲ್ಲಿ ಯಾರೋ ಕರೆದರು, ಎದ್ದು ಹೋದರು. ಹತ್ತು ನಿಮಿಷ ಬಿಟ್ಟು ಬಂದಾಗ ಸಾಫ್ಟ್‌ವೇರ್ ಲಾಗ್‌ಔಟ್ ಆಗಿತ್ತು, ತುಂಬಿದ ಸಾಲೆಲ್ಲ ಮಾಯ. ಅವರ ಮುಖ ನೋಡಿ ನನಗೆ ನಿಜವಾಗಿ ಬೇಸರವಾಯಿತು. ಹಳೆಯ ರಿಜಿಸ್ಟರ್ ಜೊತೆಗೇ ನಡೆಯುತ್ತಿದ್ದದ್ದರಿಂದ ಲೆಕ್ಕ ತಪ್ಪಲಿಲ್ಲ. ಆದರೆ ಎರಡೆರಡು ಕಡೆ ಬರೆಯುವ ಹೊರೆ ಬಿದ್ದದ್ದು ಅವರ ಮೇಲೇ ಅಲ್ವಾ? ಮೇಲಿನವರ ಹತ್ತಿರ ಮಾತಾಡಿ, ಪರೀಕ್ಷೆಯ ದಿನಗಳಲ್ಲಿ ಅವರಿಗೆ ಬೇರೆ ಕೆಲಸ ಕಡಿಮೆ ಮಾಡಿಸಿದೆ.

ಮುಂದಿನ ಸ್ಕ್ರೀನನ್ನು ಕೋಡ್ ಮಾಡಲಿಲ್ಲ. ಹಾಳೆಯ ಮೇಲೆ ಬರೆದು ಅವರ ಮುಂದಿಟ್ಟೆ. 1981ರಲ್ಲಿ ಸ್ಕ್ಯಾಂಡಿನೇವಿಯಾದಲ್ಲಿ ಶುರುವಾದ ಯುಟೋಪಿಯಾ ಅನ್ನುವ ಕಂಪ್ಯೂಟರ್ ವಿನ್ಯಾಸದ ಯೋಜನೆಯಲ್ಲಿ, ಪತ್ರಿಕೆಯ ಪುಟ ಕಟ್ಟುವವರ ಜೊತೆ ರಟ್ಟು, ಮರದ ಮಾದರಿಗಳನ್ನಿಟ್ಟುಕೊಂಡು ಹೀಗೇ ಕೆಲಸ ಮಾಡಿದ್ದರು. ಹಾಳೆಯಾದರೆ ಜನ ಸಂಕೋಚವಿಲ್ಲದೆ ಗೀಚಿ ತಿದ್ದುತ್ತಾರೆ. ಇವರು ಬಿಲ್ ನಂಬರನ್ನು ಹೊಡೆದುಹಾಕಿ ಕೊನೆಗೆ ಬರೆದರು.

ಐದು ಜನರ ಹತ್ತಿರ ಪರೀಕ್ಷಿಸಿದರೆ ಸಾಕು ಅನ್ನುವವರು, ಸಾಫ್ಟ್‌ವೇರ್ ಬಳಸಲು ಎಷ್ಟು ಸುಲಭ ಅಂತ ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ ಹೆಸರು ಹೇಳುತ್ತಾರೆ. ಆದರೆ ಬೇರೆ ಬೇರೆ ಬಗೆಯ ಬಳಕೆದಾರರಿದ್ದರೆ ಒಂದೊಂದು ಗುಂಪಿನಲ್ಲೂ ನೋಡಬೇಕು ಅಂತ ಅವರೇ ಬರೆದಿದ್ದಾರೆ. ಹಾಗಾಗಿ ರಾತ್ರಿ ಪಾಳಿಯವರ ಹತ್ತಿರವೂ, ಲೆಕ್ಕ ಬರೆಯುವವರ ಹತ್ತಿರವೂ ಹೋಗಿ ಕೂತೆ.

ರಟ್ಟಿನ ಚೂರು ಈಗಲೂ ಇದೆ. ಆ ಅಭ್ಯಾಸ ಬಿಡಿಸಲು ನಾನು ಹೋಗಲಿಲ್ಲ. ಚೂರಿನ ಮೇಲೆ ಅವರು ಬರೆಯುವ ಕ್ರಮಕ್ಕೇ ಸ್ಕ್ರೀನಿನ ಸಾಲುಗಳನ್ನು ಜೋಡಿಸಿದೆ.