ಪೈಲಟ್ ವಾಚ್ ಕೊಳ್ಳುವಾಗ ಏನೇನು ನೋಡಬೇಕು

ಕಪ್ಪು ಡಯಲ್, ದಪ್ಪ ಬಿಳಿ ಅಂಕಿ, 12ರ ಜಾಗದಲ್ಲಿ ತ್ರಿಕೋನ. ಇಂದು ಪೈಲಟ್ ವಾಚ್ ಎಂದು ಮಾರಾಟವಾಗುವ ಬಹುಪಾಲು ವಾಚುಗಳ ಮೂಲ 1940ರ ದಶಕದ ಜರ್ಮನ್ ವಾಯುಪಡೆ. ಲಾಂಗೆ, ವೆಂಪೆ, ಲಾಕೊ, ಸ್ಟೋವಾ, ಐಡಬ್ಲ್ಯೂಸಿ ಎಂಬ ಐದು ಕಂಪನಿಗಳು ಸೇನೆ ಕೊಟ್ಟ ಒಂದೇ ನಮೂನೆಗೆ ಅವನ್ನು ಮಾಡಿಕೊಟ್ಟವು. ಅಗಲ 55 ಮಿ.ಮೀ., ಕಟ್ಟಿಕೊಳ್ಳುತ್ತಿದ್ದುದು ದಪ್ಪ ಜಾಕೆಟ್ಟಿನ ತೋಳಿನ ಮೇಲೆ, ಹೆಚ್ಚಾಗಿ ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್. ಕತ್ತಲಲ್ಲಿ, ಅಲುಗಾಟದಲ್ಲಿ, ಒಂದೇ ನೋಟಕ್ಕೆ ಸಮಯ ತಿಳಿಯಬೇಕು ಎಂಬುದೇ ಇಡೀ ವಿನ್ಯಾಸದ ಗುರಿ. ಆದ್ದರಿಂದ ಬ್ರ್ಯಾಂಡು, ಬೆಲೆ ಆಮೇಲೆ. ಮೊದಲು ಡಯಲ್ ನೋಡಿ.

ಡಯಲ್‌ನಲ್ಲಿ ಎರಡು ಬಗೆ. ‘ಎ’ ಬಗೆಯಲ್ಲಿ 1ರಿಂದ 11ರವರೆಗೆ ಗಂಟೆಯ ಅಂಕಿ, ಮೇಲೆ ಎರಡು ಚುಕ್ಕೆಗಳ ತ್ರಿಕೋನ. ಕತ್ತಲಲ್ಲಿ ವಾಚಿನ ಮೇಲ್ಭಾಗ ಯಾವುದು ಎಂದು ಗೊತ್ತಾಗಲೆಂದೇ ಆ ತ್ರಿಕೋನ. 1941ರಲ್ಲಿ ಬಂದ ‘ಬಿ’ ಬಗೆಯಲ್ಲಿ ಅಂಚಿನಲ್ಲಿ 5ರಿಂದ 55ರವರೆಗೆ ನಿಮಿಷದ ಅಂಕಿ ದೊಡ್ಡದಾಗಿ, ಗಂಟೆಗಳು ಒಳಗಿನ ಸಣ್ಣ ಉಂಗುರದಲ್ಲಿ. ದಿನಬಳಕೆಗೆ ‘ಎ’ ವಾಸಿ. ‘ಬಿ’ ಇಷ್ಟವಾದರೆ ಮುಳ್ಳುಗಳ ಉದ್ದ ಗಮನಿಸಿ: ಗಂಟೆಯ ಮುಳ್ಳಿನ ತುದಿ ಒಳಗಿನ ಉಂಗುರಕ್ಕೆ ಮುಟ್ಟಿ ನಿಲ್ಲಬೇಕು, ನಿಮಿಷದ ಮುಳ್ಳು ಅಂಚಿನ ಗೆರೆಗಳನ್ನು ಮುಟ್ಟಲೇಬೇಕು. ಅಗ್ಗದ ನಕಲುಗಳಲ್ಲಿ ಎರಡೂ ಡಯಲ್‌ಗೆ ಒಂದೇ ಜೋಡಿ ಮುಳ್ಳು ಹಾಕಿರುತ್ತಾರೆ. ಆಗ ಗಂಟೆಯ ಮುಳ್ಳು ಉಂಗುರ ದಾಟಿ ನಿಮಿಷದ ಅಂಕಿಗಳತ್ತ ಚಾಚಿರುತ್ತದೆ, 2ನ್ನು 10 ಎಂದು ಓದುವಂತಾಗುತ್ತದೆ. ತಾರೀಖಿನ ಕಿಂಡಿ ಇಲ್ಲದಿದ್ದರೆ ಒಳ್ಳೆಯದು. ಬೇಕೇ ಬೇಕೆಂದರೆ ಅದರ ಹಿನ್ನೆಲೆಯೂ ಕಪ್ಪಾಗಿರಲಿ.

ಅಳತೆಯಲ್ಲೇ ಹೆಚ್ಚು ಜನ ಎಡವುವುದು. ಈ ವಾಚುಗಳಿಗೆ ಗಾಜಿನ ಸುತ್ತಲಿನ ಅಂಚುಪಟ್ಟಿ ತೀರಾ ತೆಳು, ಎದುರಿಗೆಲ್ಲ ಡಯಲ್ಲೇ. ಹಾಗಾಗಿ 40 ಮಿ.ಮೀ. ವಾಚು ಕೈಮೇಲೆ 42ರಂತೆ ಕಾಣುತ್ತದೆ. ಅಗಲಕ್ಕಿಂತ ಮುಖ್ಯವಾದದ್ದು ಮೇಲಿನ ಲಗ್, ಅಂದರೆ ಬೆಲ್ಟ್ ಸಿಕ್ಕಿಸುವ ಕೊಂಬಿನ ತುದಿಯಿಂದ ಕೆಳಗಿನ ಲಗ್ ತುದಿವರೆಗಿನ ಉದ್ದ. ಕಂಪನಿಯ ವಿವರದಲ್ಲಿ ಇದನ್ನು ಹುಡುಕಿ, ಇಲ್ಲದಿದ್ದರೆ ಕೇಳಿ. ಅಷ್ಟೇ ಉದ್ದಕ್ಕೆ ದಪ್ಪ ಕಾಗದ ಕತ್ತರಿಸಿ ಮಣಿಕಟ್ಟಿನ ಸಪಾಟು ಭಾಗದ ಮೇಲೆ ಅಡ್ಡವಾಗಿ ಇಡಿ. ತುದಿಗಳು ಕೈಯಂಚಿನಿಂದ ಆಚೆ ಚಾಚಿದರೆ ಆ ವಾಚು ನಿಮಗಲ್ಲ. ಸುತ್ತಳತೆ 16 ಸೆಂ.ಮೀ. ಆಸುಪಾಸಿನ ಕೈಗೆ 36ರಿಂದ 39 ಮಿ.ಮೀ. ಸಾಕು. ಚಿಕ್ಕದಾಯಿತು ಎಂಬ ಅಳುಕು ಬೇಡ; 1948ರಲ್ಲಿ ಬ್ರಿಟನ್ನಿನ ವಾಯುಪಡೆಗೆಂದು ಬಂದ ಐಡಬ್ಲ್ಯೂಸಿ ಮಾರ್ಕ್ 11 ಬರೀ 36 ಮಿ.ಮೀ.

ಇನ್ನು ಯಂತ್ರ. ಮೂಲ ವಾಚುಗಳಲ್ಲಿ ಕ್ರೌನ್, ಅಂದರೆ ಕೀ ಕೊಡುವ ಗುಂಡಿ ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುತ್ತಿತ್ತು. ಅಂಗಡಿಯಲ್ಲೇ ಇದನ್ನು ಪರೀಕ್ಷಿಸಿ. ಸೆಕೆಂಡ್ ಮುಳ್ಳು 12ಕ್ಕೆ ಬಂದ ಕ್ಷಣ ಕ್ರೌನ್ ಪೂರ್ತಿ ಎಳೆಯಿರಿ, ನಿಮಿಷದ ಮುಳ್ಳನ್ನು ಮುಂದಿನ ಗೆರೆಯ ಮೇಲೆ ಸರಿಯಾಗಿ ಕೂರಿಸಿ, ಫೋನಿನ ಗಡಿಯಾರ ಆ ನಿಮಿಷ ಮುಟ್ಟಿದಾಗ ಒಳಗೆ ಒತ್ತಿ. ಸೀಕೊದ ಹಳೆಯ 7ಎಸ್26 ಯಂತ್ರದಲ್ಲಿ ಮುಳ್ಳು ನಿಲ್ಲುವುದೂ ಇಲ್ಲ, ಕೈಯಿಂದ ಕೀ ಕೊಡಲೂ ಆಗದು. 4ಆರ್36ರಲ್ಲಿ ಎರಡೂ ಉಂಟು. ಮಿಯೋಟಾ 8215 ಯಂತ್ರದಲ್ಲಿ ಸೆಕೆಂಡ್ ಮುಳ್ಳು ಆಗಾಗ ತಡವರಿಸಿ ಮುಂದೆ ಸಾಗುತ್ತದೆ. ಅದು ಕೆಟ್ಟಿರುವುದಲ್ಲ, ಆ ಮುಳ್ಳಿಗೆ ಚಾಲನೆ ನೇರವಾಗಿ ಸಿಗದ ಜೋಡಣೆಯ ಗುಣ. ಈ ಯಂತ್ರ ದಿನಕ್ಕೆ 20 ಸೆಕೆಂಡ್ ಹಿಂದೆ ಅಥವಾ 40 ಮುಂದೆ ಹೋದರೂ ಅದು ಕಂಪನಿ ಹೇಳಿದ ಮಿತಿಯೊಳಗೇ ಇದೆ. ಇದು ಸಹಿಸದವರು ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್ ಕೊಳ್ಳಿ, ಅದರಲ್ಲಿ ನಾಚಿಕೆಯೇನಿಲ್ಲ.

ಸರಿಯಾಗಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಮೊದಲು ಸಂಶಯಪಡಬೇಕಾದದ್ದು ಅಯಸ್ಕಾಂತವನ್ನು. ಸ್ಪೀಕರ್, ಅಯಸ್ಕಾಂತದ ಫೋನ್ ಕವರ್ ಪಕ್ಕ ಇಟ್ಟರೆ ಒಳಗಿನ ಕೂದಲಿನಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ. ಸಣ್ಣ ದಿಕ್ಸೂಚಿಯ ಹತ್ತಿರ ವಾಚು ತನ್ನಿ, ಸೂಜಿ ಜೋರಾಗಿ ತಿರುಗಿದರೆ ಖಾತ್ರಿ. ರಿಪೇರಿಯವರ ಹತ್ತಿರ ಅದನ್ನು ತೆಗೆಯುವ ಪೆಟ್ಟಿಗೆ ಇರುತ್ತದೆ, ಒಂದೆರಡು ನಿಮಿಷದ ಕೆಲಸ.

ಗಾಜು ಸುಲಭಕ್ಕೆ ಗೀರು ಬೀಳದ ಸಫೈರ್ ಆಗಿರಲಿ, ಒಳಮೈಗೆ ಪ್ರತಿಫಲನ ತಡೆಯುವ ಲೇಪ ಇರಲಿ. ಲೇಪವಿಲ್ಲದ ಉಬ್ಬು ಸಫೈರ್ ಕಪ್ಪು ಡಯಲ್ ಮೇಲೆ ಕನ್ನಡಿಯಾಗುತ್ತದೆ, ಬಿಸಿಲಲ್ಲಿ ಸಮಯ ಬಿಟ್ಟು ನಿಮ್ಮ ಮುಖವೇ ಕಾಣುತ್ತದೆ.

ರಿವೆಟ್ ಹೊಡೆದ ದಪ್ಪ ಚರ್ಮದ ಬೆಲ್ಟ್ ನೋಡಲು ಚಂದ. ಆದರೆ ರಿವೆಟ್ ಇರುವಲ್ಲಿ ಚರ್ಮ ಬಾಗುವುದಿಲ್ಲ, ಸಣ್ಣ ಕೈಗೆ ಲಗ್ ಪಕ್ಕದಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಕರಾವಳಿಯ ಸೆಕೆಯಲ್ಲಿ ಬೆವರು ಕುಡಿದು ನಾತವೂ ಬರುತ್ತದೆ. ಮಳೆಗಾಲಕ್ಕೆ ನೈಲಾನ್ ಪಟ್ಟಿ ಬೇರೆ ಇಟ್ಟುಕೊಳ್ಳಿ. ವಾಚಿನ ಹಿಂಬದಿಯಲ್ಲಿ 3 ಎಟಿಎಂ (ನೀರು ತಡೆಯುವ ಶಕ್ತಿಯ ಅಳತೆ) ಎಂದಿದ್ದರೆ ಕೈ ತೊಳೆಯುವಾಗಿನ ಹನಿಗಷ್ಟೇ, ಈಜಿಗಲ್ಲ.

ಕಡಿಮೆ ಖರ್ಚಿನಲ್ಲಿ ಆಸೆ ತೀರಬೇಕೆಂದರೆ ನಮ್ಮ ಎಚ್‌ಎಂಟಿ ಪೈಲಟ್ ಇದೆ: 17 ಜ್ಯುವೆಲ್ (ಸವೆತ ತಡೆಯಲು ಒಳಗೆ ಕೂರಿಸಿದ ಹರಳು), ಕೈಯಿಂದ ಕೀ ಕೊಡುವ ಯಂತ್ರ. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚು ವಿಭಾಗವನ್ನು ಮುಚ್ಚಲು 2016ರಲ್ಲಿ ಸರ್ಕಾರ ತೀರ್ಮಾನಿಸಿತು, ಹಾಗಾಗಿ ಸಿಗುವುದು ಹೆಚ್ಚಾಗಿ ಬಳಸಿದ್ದು. ಕಿತ್ತಳೆ, ಕಡುನೀಲಿಯಂಥ ಹೊಳೆಯುವ ಬಣ್ಣದ ‘ಪೈಲಟ್’ ಕಂಡರೆ ಡಯಲ್ ಮರುಬಣ್ಣದ್ದೆಂದೇ ತಿಳಿಯಿರಿ. ಕಪ್ಪು ಡಯಲ್ ಇದ್ದರೂ 10 ಪಟ್ಟಿನ ಭೂತಗನ್ನಡಿ ಹಿಡಿದು ಅಕ್ಷರಗಳ ಅಂಚು ನೋಡಿ: ಮೂಲ ಮುದ್ರಣ ಚೂಪಾಗಿರುತ್ತದೆ, ಮರುಬಣ್ಣದಲ್ಲಿ ಶಾಯಿ ಹರಡಿ ಅಕ್ಷರ ಊದಿರುತ್ತದೆ, ನಿಮಿಷದ ಗೆರೆಗಳು ಒಂದೇ ಉದ್ದ ಇರುವುದಿಲ್ಲ. ಹಿಂದಿನ ಮುಚ್ಚಳ ತೆಗೆಸಿ ತುಕ್ಕು ಇದೆಯೇ ನೋಡಿ. ಕೀ ಪೂರ್ತಿ ಕೊಟ್ಟು ಒಂದು ದಿನ ಡಯಲ್ ಮೇಲ್ಮುಖವಾಗಿ, ಮತ್ತೊಂದು ದಿನ ಕ್ರೌನ್ ಕೆಳಮುಖವಾಗಿ ಇಟ್ಟು ವೇಗ ಹೋಲಿಸಿ. ಎರಡಕ್ಕೂ ಭಾರಿ ವ್ಯತ್ಯಾಸವಿದ್ದರೆ ಎಣ್ಣೆ ಒಣಗಿದೆ ಅಥವಾ ಅತ್ತಿತ್ತ ತಿರುಗಿ ವೇಗ ನಿಗದಿಮಾಡುವ ಬ್ಯಾಲೆನ್ಸ್ ಚಕ್ರದ ಮೊನೆ ಸವೆದಿದೆ. ಸರ್ವಿಸ್ ಖರ್ಚು ಕಳೆದೇ ಬೆಲೆ ಮಾತಾಡಿ.