ಓದಿಗೆ ಎಐ ಬಳಸುವಾಗ ಎಡವುವುದು ಎಲ್ಲಿ, ತಪ್ಪಿಸಿಕೊಳ್ಳುವುದು ಹೇಗೆ

ಗೊತ್ತಿಲ್ಲದ್ದನ್ನು ಕೇಳಿದರೆ ಸಹಪಾಠಿ ತಡವರಿಸುತ್ತಾನೆ. ಅವನ ದನಿಯಲ್ಲೇ ಅನುಮಾನ ಗೊತ್ತಾಗುತ್ತದೆ. ಚಾಟ್‌ಜಿಪಿಟಿ, ಜೆಮಿನಿಯಂಥ ಎಐ ಟೂಲ್‌ಗಳು ತಡವರಿಸುವುದಿಲ್ಲ. ಈಗಾಗಲೇ ಬಂದ ಪದಗಳ ಮುಂದೆ ಯಾವುದು ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕ ಹಾಕುತ್ತ ಅವು ವಾಕ್ಯ ಕಟ್ಟುತ್ತವೆ. ಹಾಗಾಗಿ ಸರಿ ಉತ್ತರವೂ ತಪ್ಪು ಉತ್ತರವೂ ಒಂದೇ ಧಾಟಿಯಲ್ಲಿ ಬರುತ್ತವೆ. ಓದಿದಾಗ ‘ಸರಿ ಇರುವ ಹಾಗಿದೆ’ ಅನ್ನಿಸಿದರೆ ಸಾಲದು. ಎಐ ಯಾವ ಬಗೆಯ ಕೆಲಸದಲ್ಲಿ ಜಾರುತ್ತದೆ ಎಂದು ತಿಳಿದುಕೊಂಡು ಅಲ್ಲಿ ಬಿಗಿಯಾಗಿ ನೋಡಬೇಕು.

ಇಲ್ಲದ ಲೇಖನಗಳು

‘ಈ ವಿಷಯಕ್ಕೆ ಐದು ಸಂಶೋಧನಾ ಲೇಖನ ಕೊಡು’ ಎಂದರೆ ಲೇಖಕರು, ಜರ್ನಲ್, ಸಂಪುಟ, ಪುಟಸಂಖ್ಯೆ ಸಮೇತ ಪಟ್ಟಿ ಬರುತ್ತದೆ. ಲೇಖಕರು ನಿಜ, ಜರ್ನಲ್ಲೂ ನಿಜ, ಆದರೆ ಅಂಥ ಲೇಖನವನ್ನು ಯಾರೂ ಬರೆದೇ ಇಲ್ಲ ಎಂಬಂಥವೂ ಅದರಲ್ಲಿ ಸೇರಿರಬಹುದು. 2023ರಲ್ಲಿ ನ್ಯೂಯಾರ್ಕ್‌ನ ವಕೀಲರು ಚಾಟ್‌ಜಿಪಿಟಿ ಹೇಳಿದ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡಕ್ಕೆ ಗುರಿಯಾದರು. ‘ಈ ಪ್ರಕರಣ ನಿಜವೇ?’ ಎಂದು ಅದನ್ನೇ ಕೇಳಿದ್ದೂ ಆಗಿತ್ತು, ಹೌದು ಎಂದಿತ್ತು.

ಹಾಗಾಗಿ ಆಕರವನ್ನು ಹೊರಗೆ ಹೋಗಿಯೇ ನೋಡಬೇಕು. ಲೇಖನಕ್ಕೆ ‘10.’ ಎಂದು ಶುರುವಾಗುವ ಡಿಒಐ ಸಂಖ್ಯೆ (ಪ್ರತಿ ಲೇಖನಕ್ಕೂ ಪ್ರತ್ಯೇಕವಾಗಿ ಕೊಡುವ ಗುರುತು) ಇದ್ದರೆ ಡಿಒಐ ಜಾಲತಾಣದಲ್ಲಿ (doi.org) ಹಾಕಿ. ಪುಟ ತೆರೆದುಕೊಂಡ ಮಾತ್ರಕ್ಕೆ ಸಮಾಧಾನ ಬೇಡ. ಕಲ್ಪಿತ ಸಂಖ್ಯೆ ಬೇರೆ ಯಾವುದೋ ಲೇಖನಕ್ಕೆ ಕೊಂಡೊಯ್ಯಬಹುದು. ಶೀರ್ಷಿಕೆ, ಲೇಖಕರು, ವರ್ಷ ಮೂರೂ ಹೊಂದಬೇಕು. ಡಿಒಐ ಇಲ್ಲದಿದ್ದರೆ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ಸಿಕ್ಕ ಮೇಲೆ ಸಾರಾಂಶ ಓದಿ, ಎಐ ಹೇಳಿದ ಮಾತು ಅದರಲ್ಲಿ ನಿಜವಾಗಿ ಇದೆಯೇ ನೋಡಿ. ಲೇಖನ ಇದ್ದೂ ಅದು ಹೇಳುವುದು ಇನ್ನೇನೋ ಆಗಿರುವುದು ಹೆಚ್ಚು ಅಪಾಯ, ಏಕೆಂದರೆ ಮೇಲ್ನೋಟದ ತಪಾಸಣೆಯಲ್ಲಿ ಅದು ಸಿಕ್ಕಿಬೀಳುವುದಿಲ್ಲ.

ಇದಕ್ಕಿಂತ ಸುಲಭದ ದಾರಿ ಕ್ರಮವನ್ನೇ ತಿರುಗಿಸುವುದು. ಎರಡು-ಮೂರು ಲೇಖನಗಳನ್ನು ನೀವೇ ಹುಡುಕಿ, ಪಿಡಿಎಫ್ ಅಪ್‌ಲೋಡ್ ಮಾಡಿ, ‘ಇದರಲ್ಲಿ ಇರುವುದನ್ನು ಮಾತ್ರ ಹೇಳು, ಪ್ರತಿ ಅಂಶಕ್ಕೂ ಪುಟಸಂಖ್ಯೆ ಮತ್ತು ಮೂಲ ವಾಕ್ಯ ಕೊಡು’ ಎಂದು ಕೇಳಿ. ಆ ವಾಕ್ಯದ ಐದಾರು ಪದಗಳನ್ನು ಪಿಡಿಎಫ್‌ನಲ್ಲಿ ಹುಡುಕಿದರೆ ನಿಜವೋ ಸುಳ್ಳೋ ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಕನ್ನಡ ಪಿಡಿಎಫ್ ಆದರೆ ಇನ್ನೊಂದು ತೊಡಕಿದೆ. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಕಡತ ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ ನೋಡಿ. ಗಜಿಬಿಜಿ ಬಂದರೆ ಪುಟಗಳನ್ನು ಚಿತ್ರವಾಗಿಸಿ ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವ ತಂತ್ರ) ಮಾಡಿಸಿ, ಒತ್ತಕ್ಷರಗಳನ್ನು ಕಣ್ಣಾರೆ ತಿದ್ದಿ, ಆಮೇಲೆ ಕೊಡಿ.

ಲೆಕ್ಕ

ಫೋಟೋ ತೆಗೆದು ಹಾಕಿದ ಲೆಕ್ಕದಲ್ಲಿ ಮೊದಲ ತಪ್ಪು ಓದುವಾಗಲೇ ಆಗಬಹುದು: 2³ ಎಂಬುದು 23 ಆಗುತ್ತದೆ, ಮೈನಸ್ ಚಿಹ್ನೆ ಮಾಯವಾಗುತ್ತದೆ. ‘ಬಿಡಿಸಬೇಡ, ಪ್ರಶ್ನೆಯನ್ನು ನೀನು ಓದಿದ ಹಾಗೆ ಟೈಪ್ ಮಾಡು’ ಎಂದು ಮೊದಲು ಕೇಳಿ. ದೊಡ್ಡ ಗುಣಾಕಾರ, ಭಾಗಾಕಾರಗಳಿದ್ದರೆ ಕೋಡ್ ಬರೆದು ಓಡಿಸಿ ಲೆಕ್ಕ ಹಾಕಲು ಹೇಳಿ, ಇಲ್ಲವೇ ಕ್ಯಾಲ್ಕುಲೇಟರ್ ತೆಗೆಯಿರಿ. ಬಂದ ಉತ್ತರವನ್ನು ಮೂಲ ಸಮೀಕರಣದಲ್ಲಿ ಇಟ್ಟು ನೋಡಿ. ಭೌತಶಾಸ್ತ್ರದಲ್ಲಾದರೆ ಏಕಮಾನ ಹೊಂದುತ್ತದೆಯೇ ನೋಡಿ.

‘ಖಚಿತವೇ?’ ಎಂದು ಮಾತ್ರ ಕೇಳಬೇಡಿ. ಬಳಸುವವರ ಮಾತಿಗೆ ತಲೆದೂಗುವ ಚಾಳಿ ಈ ಟೂಲ್‌ಗಳಿಗಿದೆ; ಸರಿಯಾಗಿದ್ದ ಉತ್ತರವನ್ನೂ ‘ಕ್ಷಮಿಸಿ’ ಎಂದು ಬದಲಿಸಿಬಿಡಬಹುದು. ಬದಲಿಗೆ ಹೊಸ ಚಾಟ್ ತೆರೆದು, ಯಾರದೆಂದು ಹೇಳದೆ ಲೆಕ್ಕವನ್ನೂ ಬಿಡಿಸಿದ ಕ್ರಮವನ್ನೂ ಕೊಟ್ಟು, ‘ಇದರಲ್ಲಿ ಮೊದಲು ತಪ್ಪಿದ ಹೆಜ್ಜೆ ಯಾವುದು? ತಪ್ಪಿಲ್ಲದಿದ್ದರೆ ಇಲ್ಲ ಎನ್ನು’ ಎಂದು ಕೇಳಿ.

ಅರ್ಥವಾಯಿತು ಎಂಬ ಭ್ರಮೆ

ತಪ್ಪು ಉತ್ತರಕ್ಕಿಂತ ದೊಡ್ಡ ನಷ್ಟ ಸರಿ ಉತ್ತರದಿಂದಲೇ ಆಗುತ್ತದೆ. ಟರ್ಕಿಯ ಒಂದು ಪ್ರೌಢಶಾಲೆಯ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ಗಣಿತದಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2024ರಲ್ಲಿ ಹೊರಬಂತು. ಚಾಟ್‌ಜಿಪಿಟಿಯ ಹಿಂದಿನ ಮಾದರಿಗಳಲ್ಲಿ ಒಂದಾದ ಜಿಪಿಟಿ-4 ಕೈಯಲ್ಲಿದ್ದವರ ಅಭ್ಯಾಸದ ಅಂಕ ಶೇ. 48ರಷ್ಟು ಏರಿತು. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಮುಟ್ಟದೇ ಇದ್ದವರಿಗಿಂತ ಶೇ. 17ರಷ್ಟು ಕಡಿಮೆ ಬಂತು. ಉತ್ತರದ ಬದಲು ಸುಳಿವು ಮಾತ್ರ ಕೊಡುವಂತೆ ತಿದ್ದಿದ ಆವೃತ್ತಿ ಬಳಸಿದವರಿಗೆ ಈ ಪೆಟ್ಟು ಬಹುಮಟ್ಟಿಗೆ ಬೀಳಲಿಲ್ಲ.

ಆ ಸುಳಿವಿನ ಆವೃತ್ತಿಯನ್ನು ನೀವೇ ಮಾಡಿಕೊಳ್ಳಬಹುದು. ಮೊದಲು ಹದಿನೈದು ನಿಮಿಷ ಎಐ ಇಲ್ಲದೆ ಪ್ರಯತ್ನಿಸಿ, ಎಲ್ಲಿ ನಿಂತಿತೋ ಆ ಸಾಲನ್ನು ಗುರುತಿಸಿ. ಆಮೇಲೆ ಹೀಗೆ ಬರೆಯಿರಿ: ‘ಇದು ಪ್ರಶ್ನೆ, ಇದು ನಾನು ಮಾಡಿರುವುದು, ಮೂರನೇ ಹೆಜ್ಜೆಯಲ್ಲಿ ನಿಂತಿದ್ದೇನೆ. ಉತ್ತರ ಹೇಳಬೇಡ. ಒಂದೇ ಒಂದು ಸುಳಿವು ಕೊಡು, ನಾನು ಬರೆದ ಮೇಲೆ ಮುಂದಿನದು.’ ನಾಲ್ಕೈದು ಸಂದೇಶಗಳಾದ ಮೇಲೆ ಅದು ನಿಯಮ ಮರೆತು ಇಡೀ ಉತ್ತರ ಸುರಿಯಬಹುದು. ಆಗ ಅದೇ ಸೂಚನೆಯನ್ನು ಮತ್ತೆ ಅಂಟಿಸಿ. ಮುಗಿದ ಮೇಲೆ ಪರದೆ ಮುಚ್ಚಿ ಖಾಲಿ ಹಾಳೆಯಲ್ಲಿ ಪೂರ್ತಿ ಬಿಡಿಸಿ, ಮಾರನೆಯ ದಿನ ಅಂಥದ್ದೇ ಇನ್ನೊಂದನ್ನು ಮಾಡಿ. ಖಾಲಿ ಹಾಳೆಯಲ್ಲಿ ಬಾರದ್ದು ಕಲಿತದ್ದಲ್ಲ.

ಇಡೀ ಸೆಮಿಸ್ಟರನ್ನು ಒಂದೇ ಚಾಟ್‌ನಲ್ಲಿ ಎಳೆಯಬೇಡಿ. ಅದು ಒಮ್ಮೆಗೆ ನೋಡಬಲ್ಲ ಪಠ್ಯಕ್ಕೆ ಮಿತಿ ಇದೆ. ಉದ್ದವಾದಷ್ಟೂ ಹಳೆಯ ಮಾತು ಕೈಬಿಡುತ್ತದೆ. ಅಧ್ಯಾಯಕ್ಕೊಂದು ಚಾಟ್ ಸಾಕು.

‘ಇದು ಎಐ ಬರೆದದ್ದು’ ಎಂಬ ಆರೋಪ

ಎಐ ಪತ್ತೆ ಮಾಡುವ ಸಾಫ್ಟ್‌ವೇರ್‌ಗಳು ನಂಬಲರ್ಹವಲ್ಲ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂದಕ್ಕೆ ಪಡೆಯಿತು. ಅದೇ ವರ್ಷದ ಅಧ್ಯಯನವೊಂದರಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಏಳು ಸಾಧನಗಳು ಎಐ ಬರಹವೆಂದವು. ಸರಳ ಪದ, ಊಹಿಸಬಹುದಾದ ವಾಕ್ಯ ಇದ್ದರೆ ಅವುಗಳಿಗೆ ಅನುಮಾನ.

ಹಾಗಾಗಿ ಸಾಕ್ಷಿ ಮೊದಲೇ ಇಟ್ಟುಕೊಳ್ಳಿ. ಬೇರೆಡೆ ಬರೆದು ಅಂಟಿಸದೆ, ಮೊದಲ ಸಾಲಿನಿಂದಲೇ ಗೂಗಲ್ ಡಾಕ್ಸ್‌ನಂಥ ಕಡೆ ಬರೆಯಿರಿ. ವರ್ಷನ್ ಹಿಸ್ಟರಿಯಲ್ಲಿ ಪ್ರತಿ ಹಂತವೂ ಸಮಯ ಸಮೇತ ಉಳಿಯುತ್ತದೆ. ಕೈಬರಹದ ಟಿಪ್ಪಣಿ ಎಸೆಯಬೇಡಿ, ಚಾಟ್ ಅಳಿಸಬೇಡಿ. ಯಾವ ಬಳಕೆಗೆ ಒಪ್ಪಿಗೆ ಇದೆ ಎಂದು ಅಧ್ಯಾಪಕರನ್ನು ಮೊದಲೇ ಇಮೇಲ್‌ನಲ್ಲಿ ಕೇಳಿ. ಎಐ ಬಳಸಿದ್ದರೆ ಕೊನೆಯಲ್ಲಿ ಟೂಲ್‌ನ ಹೆಸರು, ದಿನಾಂಕ, ಮಾಡಿಸಿದ ಕೆಲಸ ಮೂರನ್ನೂ ಒಂದು ಸಾಲಿನಲ್ಲಿ ಬರೆಯಿರಿ: ‘ಎರಡನೇ ಭಾಗದ ವ್ಯಾಕರಣ ತಿದ್ದಲು ಬಳಸಿದೆ, ವಾದ ಮತ್ತು ಆಕರಗಳು ನನ್ನವು’ ಎಂಬಷ್ಟು ಸ್ಪಷ್ಟವಾಗಿ. ‘ಎಐ ನೆರವು ಪಡೆಯಲಾಗಿದೆ’ ಎಂದಷ್ಟೇ ಬರೆದರೆ ಓದುವವರು ಎಲ್ಲವನ್ನೂ ಅದೇ ಬರೆದಿದೆ ಎಂದುಕೊಳ್ಳುತ್ತಾರೆ.