ಪ್ಲಾಟೂನ್ ಸೀನಿಯರ್ ಆಗಬೇಕೆ? ಮೊದಲು ಎಣಿಸಲು ಕಲಿಯಿರಿ

ಕಳೆದ ತಿಂಗಳು ಕೊಡಗಿನ ಸುಂಟಿಕೊಪ್ಪದ ಹೋಟೆಲೊಂದರಲ್ಲಿ ಪಕ್ಕದ ತೋಟದ ಹುಡುಗ ಸಿಕ್ಕಿದ. ಅಗ್ನಿವೀರನಾಗಿ ತರಬೇತಿ ಮುಗಿಸಿ ಮೊದಲ ರಜೆಗೆ ಬಂದಿದ್ದ. "ಪ್ಲಾಟೂನ್ ಸೀನಿಯರ್ ಆಗಿದ್ದೆಯಂತಲ್ಲ?" ಎಂದು ಕೇಳಿದೆ. "ಒಂಬತ್ತು ದಿನ ಆಗಿದ್ದೆ ಮಾವ" ಎಂದು ಕಾಫಿ ಲೋಟವನ್ನೇ ನೋಡುತ್ತಾ ಕುಳಿತ. ಆಮೇಲೆ ಬಾಯಿ ಬಿಟ್ಟ. ಬೆಳಿಗ್ಗೆ ಸಾಲಾಗಿ ನಿಲ್ಲುವ ಫಾಲ್ ಇನ್‌ನಲ್ಲಿ ತರಬೇತಿ ಕೊಡುವ ಉಸ್ತಾದರಿಗೆ ಲೆಕ್ಕ ಒಪ್ಪಿಸುವಾಗ "ಕುಲ್ ಚಾಲೀಸ್, ಹಾಜಿರ್ ಪೈಂತಾಲೀಸ್" ಎಂದುಬಿಟ್ಟಿದ್ದನಂತೆ. ಒಟ್ಟು ನಲವತ್ತು, ಹಾಜರಿ ನಲವತ್ತೈದು! ಅವನು ಹೇಳಬೇಕಾಗಿದ್ದದ್ದು ಪೈಂತೀಸ್, ಅಂದರೆ ಮೂವತ್ತೈದು. ಎಲ್ಲಿಂದಲೋ ಬಂದ ಆ ಐವರನ್ನು ಹುಡುಕಿಕೊಂಡು ಬನ್ನಿ ಎಂದು ಉಸ್ತಾದ್ ಇಡೀ ಪ್ಲಾಟೂನಿಗೆ ಮೈದಾನದ ಆಚೆ ತುದಿಯವರೆಗೆ ಫ್ರಂಟ್ ರೋಲ್ ಹೊಡೆಸಿದರು. ಸಂಜೆಯೊಳಗೆ ಸೀನಿಯರ್‌ಗಿರಿ ಬೇರೆಯವನ ಪಾಲಾಗಿತ್ತು.

ನಾನು ನಕ್ಕೆ, ನಿಜ. ಆದರೆ ಇದೇ ಕಥೆಯನ್ನು ಬೇರೆ ಬೇರೆ ಹುಡುಗರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. 24 ವರ್ಷದ ಸರ್ವಿಸ್‌ನಲ್ಲಿ ಮೂರು ವರ್ಷ ಟ್ರೈನಿಂಗ್ ಸೆಂಟರ್‌ನಲ್ಲಿ ಉಸ್ತಾದನಾಗಿದ್ದವನು ನಾನು. ನಮ್ಮ ಜಿಲ್ಲೆಯ ಹುಡುಗರು ಓಟಕ್ಕೂ ಸೈ, ಹಾಕಿಗೂ ಸೈ. ಸೀನಿಯರ್ ಆದ ಎರಡನೇ ವಾರಕ್ಕೆ ಮಾತ್ರ ಮುಗ್ಗರಿಸುತ್ತಾರೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಸೀನಿಯರ್ ಎಂದರೆ ರ‍್ಯಾಂಕ್ ಅಲ್ಲ. ರಂಗರೂಟರ, ಅಂದರೆ ಹೊಸದಾಗಿ ಸೇರಿದ ಸಿಪಾಯಿಗಳ, ನಡುವಿನಿಂದಲೇ ಒಬ್ಬನನ್ನು ಆರಿಸಿ ಸೆಕ್ಷನ್ನಿಗೋ ಬ್ಯಾರಕ್ಕಿಗೋ ಪ್ಲಾಟೂನಿಗೋ ಹೊಣೆ ಮಾಡುತ್ತಾರೆ, ಅಷ್ಟೆ. ಸಂಬಳ ಒಂದು ರೂಪಾಯಿಯೂ ಹೆಚ್ಚುವುದಿಲ್ಲ, ಬೈಗುಳ ಮಾತ್ರ ನಲವತ್ತು ಜನರ ಪಾಲಿನದು ಸಿಗುತ್ತದೆ. 2022ರಲ್ಲಿ ಅಗ್ನಿಪಥ ಯೋಜನೆ ಬಂದಮೇಲೆ ಇದರ ಆಸೆ ಇನ್ನೂ ಹೆಚ್ಚಿದೆ. ನಾಲ್ಕು ವರ್ಷದ ನಂತರ ಹೆಚ್ಚೆಂದರೆ ಶೇ 25ರಷ್ಟು ಮಂದಿಯನ್ನು ಕಾಯಂ ಮಾಡಿಕೊಳ್ಳುವುದರಿಂದ, ಸೀನಿಯರ್ ಆದರೆ ಆ ಕಾಲು ಭಾಗದಲ್ಲಿ ಜಾಗ ಗಟ್ಟಿ ಎಂದು ಹುಡುಗರು ಎಣಿಸುತ್ತಾರೆ. ಹಾಗೆಂದು ಹೇಳಿ 'ನಾಯಕತ್ವ ತರಬೇತಿ'ಗೆ ದುಡ್ಡು ಕೀಳುವ ಅಕಾಡೆಮಿಗಳೂ ಹುಟ್ಟಿಕೊಂಡಿವೆ. ಅವರು ಕೊಡುವ ಪ್ರಮಾಣಪತ್ರವನ್ನು ಟ್ರಂಕಿನ ತಳಕ್ಕೆ ಹಾಸಬಹುದು, ಬೇರೆ ಉಪಯೋಗವಿಲ್ಲ. ಎನ್‌ಸಿಸಿಯ ಮಾತು ಬೇರೆ. ಕಾಲೇಜಿನಲ್ಲಿ ಸಿಗುವುದಾದರೆ ಬಿಡಬೇಡಿ.

ಮನೆಯಿಂದ ಹೊರಡುವ ಮೊದಲು

ಎರಡೇ ಕೆಲಸ. ಹಿಂದಿಯಲ್ಲಿ ಒಂದರಿಂದ ನೂರರವರೆಗೆ ಬಾಯಿಪಾಠ ಮಾಡಿ. ಇಪ್ಪತ್ತರವರೆಗೆ ಎಲ್ಲರಿಗೂ ಬರುತ್ತದೆ. ಉನ್ನೀಸ್, ಉನ್ತೀಸ್, ಉನ್ತಾಲೀಸ್ ಎಂಬಲ್ಲಿ ಕಾಲು ಜಾರುತ್ತದೆ: 19, 29, 39. ದಾರಿಯಲ್ಲಿ ಹೋಗುವ ಜೀಪುಗಳ ನಂಬರ್ ಪ್ಲೇಟನ್ನು ಹಿಂದಿಯಲ್ಲಿ ಓದುತ್ತಾ ಹೋಗಿ, ಒಂದು ತಿಂಗಳಲ್ಲಿ ನಾಲಿಗೆ ತಿರುಗುತ್ತದೆ.

ಎರಡನೆಯದು ದನಿ. ಕಮಾಂಡಿಗೆ ಎರಡು ಭಾಗ. "ಪ್ಲಾಟೂನ್" ಎಂಬುದನ್ನು ಎಳೆದು ಹೇಳಬೇಕು, ಒಂದು ಉಸಿರಿನಷ್ಟು ಬಿಡುವು ಕೊಟ್ಟು "ಸಾವಧಾನ್" ಎಂಬುದನ್ನು ಕತ್ತಿಯಿಂದ ಕಡಿದ ಹಾಗೆ ಮುಗಿಸಬೇಕು. ಆ ಬಿಡುವಿನಲ್ಲೇ ನಲವತ್ತು ಜನ ಸಿದ್ಧರಾಗುವುದು. ಗದ್ದೆಯ ಈ ಬದುವಿನಲ್ಲಿ ನೀವು ನಿಂತು, ಆ ಬದುವಿನಲ್ಲಿ ತಮ್ಮನನ್ನೋ ತಂಗಿಯನ್ನೋ ನಿಲ್ಲಿಸಿ ಕೂಗಿ. ಹೊಟ್ಟೆಯಿಂದ ಕೂಗಬೇಕು. ಗಂಟಲಿನಿಂದ ಕೂಗಿದರೆ ಎರಡೇ ದಿನಕ್ಕೆ ದನಿ ಒಡೆಯುತ್ತದೆ. ದನಿ ತೆರೆಯುತ್ತದೆಂದು ಮಾರುವ ಬಣ್ಣದ ಮಾತ್ರೆಗಳು ಬರೀ ಸಕ್ಕರೆ. ಉಪ್ಪು ಬೆರೆಸಿದ ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಸಾಕು. ಇನ್ನೊಂದು ಮಾತು, ಕಾಡಾನೆ ಓಡಾಡುವ ಕಡೆಯವರು ಬೆಳಗಿನ ಐದಕ್ಕೆ ಗದ್ದೆಗಿಳಿದು "ಸಾವಧಾನ್" ಎನ್ನಬೇಡಿ. ಅದು ಸಾವಧಾನವಾಗಿ ನಿಲ್ಲುವ ಪ್ರಾಣಿಯಲ್ಲ.

ಮೊದಲ ವಾರ

ಕೈ ಎತ್ತಬೇಡಿ. "ಯಾರು ಸೀನಿಯರ್ ಆಗುತ್ತೀರಿ?" ಎಂದು ಉಸ್ತಾದ್ ಮೊದಲ ದಿನವೇ ಕೇಳಬಹುದು. ಎತ್ತಿದ ಕೈಗಳಲ್ಲಿ ಒಂದನ್ನು ಆರಿಸುತ್ತಾರೆ, ವಾರದಲ್ಲಿ ಇಳಿಸುತ್ತಾರೆ. ಮೊದಲ ಸೀನಿಯರ್ ಎಂಬವನು ಎಲ್ಲರ ತಪ್ಪಿಗೂ ಹರಕೆಯ ಕುರಿ.

ಊರಿನ ಹೆಸರನ್ನೂ ಹೇಳಿಕೊಂಡು ತಿರುಗಬೇಡಿ. ಕಾರ್ಯಪ್ಪನವರು ಶನಿವಾರಸಂತೆಯಲ್ಲಿ ಹುಟ್ಟಿದವರು, 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು. ಅದು ಉಸ್ತಾದರಿಗೂ ಗೊತ್ತು, ಸೇನಾ ದಿನ ಆಚರಿಸುವುದೇ ಆ ತಾರೀಕಿಗೆ. ಮುಂದೆ ಸೇನಾ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯನವರ ಮಡಿಕೇರಿಯ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ, ರಜೆಯಲ್ಲಿ ಹೋಗಿ ನೋಡಿ ಬನ್ನಿ. ಪರೇಡ್ ಮೈದಾನದಲ್ಲಿ ಮಾತ್ರ ಅವರಿಬ್ಬರ ಹೆಸರು ನಿಮ್ಮ ಬೂಟಿಗೆ ಹೊಳಪು ತರುವುದಿಲ್ಲ.

ಬೂಟು ಎಂದಾಗ ನೆನಪಾಯಿತು. ಬಾಟಲಿಯ ತುದಿಗೆ ಸ್ಪಂಜ್ ಅಂಟಿಸಿ ಮಾರುವ ದ್ರವ ಪಾಲಿಶ್ ಕೊಳ್ಳಲೇಬೇಡಿ. ಮೊದಲ ದಿನ ಕನ್ನಡಿ, ಮೂರನೇ ದಿನ ಒಣಗಿದ ಕೆರೆಯಂತೆ ಬಿರುಕು. ಡಬ್ಬಿಯ ಮೇಣದ ಪಾಲಿಶ್, ಹಳೆಯ ಬನಿಯನ್ ತುಂಡು, ಒಂದು ಹನಿ ನೀರು, ಅರ್ಧ ಗಂಟೆ. ಬೆಂಕಿಕಡ್ಡಿ ಗೀರಿ ಪಾಲಿಶ್ ಕರಗಿಸುವ ಉಪಾಯವನ್ನು ಹೇಳಿಕೊಡುವ ಗೆಳೆಯ ಪ್ರತಿ ಬ್ಯಾರಕ್ಕಿನಲ್ಲೂ ಇರುತ್ತಾನೆ. ಅವನ ಬೂಟು ನೋಡಿ, ಆಮೇಲೆ ನಿರ್ಧರಿಸಿ.

ಯಾರಿಗೂ ಬೇಡವಾದ ಕೆಲಸ ಹಿಡಿಯಿರಿ

ಬ್ಯಾರಕ್ಕಿನ ರಾತ್ರಿ ಸಂತ್ರಿ (ಕಾವಲು) ಪಟ್ಟಿ ಬರೆಯುವುದು ಎಲ್ಲರೂ ತಪ್ಪಿಸಿಕೊಳ್ಳುವ ಕೆಲಸ. ಅದನ್ನು ಕೇಳಿ ಪಡೆಯಿರಿ. ರಾತ್ರಿ 10ರಿಂದ 4ರವರೆಗೆ ಎರಡೆರಡು ಗಂಟೆಯ ಪಾಳಿ ಎಂದಿಟ್ಟುಕೊಳ್ಳೋಣ. ಮೊದಲ ಪಾಳಿಯವನು ಆಮೇಲೆ ಮಲಗುತ್ತಾನೆ, ಕೊನೆಯವನು ಮೊದಲೇ ಮಲಗಿರುತ್ತಾನೆ. ಹನ್ನೆರಡರಿಂದ ಎರಡರ ಪಾಳಿಯವನಿಗೆ ನಿದ್ದೆ ಎರಡು ತುಂಡು. ಮೊದಲ ದಿನ ಆ ಪಾಳಿಗೆ ನಿಮ್ಮ ಹೆಸರನ್ನೇ ಬರೆಯಿರಿ, ಎರಡನೇ ದಿನ ನಿಮ್ಮ ಆಪ್ತ ಗೆಳೆಯನ ಹೆಸರು. ಮೂರನೇ ದಿನ ಯಾರ ಹೆಸರು ಬರೆದರೂ ಯಾರೂ ತುಟಿ ಬಿಚ್ಚುವುದಿಲ್ಲ. ಈ ಪಟ್ಟಿ ಪ್ರತಿ ರಾತ್ರಿ ಉಸ್ತಾದರ ಕಣ್ಣಿಗೆ ಬೀಳುತ್ತದೆ. ಯಾರ ಅಕ್ಷರ ಎಂದು ಅವರು ಕೇಳಿಯೇ ಕೇಳುತ್ತಾರೆ.

ನಂತರ ಕೇಳಬಹುದು. ಹುದ್ದೆ ಕೇಳಬೇಡಿ, ಕೆಲಸ ಕೇಳಿ. "ಸೀನಿಯರ್ ಮಾಡಿ ಉಸ್ತಾದ್" ಎಂದರೆ ನಗುತ್ತಾರೆ. "ನಾಳೆ ಗಿನತಿ ನಾನು ಒಪ್ಪಿಸಲೇ ಉಸ್ತಾದ್?" ಎಂದರೆ ಯೋಚಿಸುತ್ತಾರೆ. ಗಿನತಿ ಎಂದರೆ ತಲೆಲೆಕ್ಕ. ಈಗಿರುವ ಸೀನಿಯರ್‌ಗೆ ಮೊದಲೇ ತಿಳಿಸಿ, ಅವನ ತಲೆಯ ಮೇಲಿಂದ ಹಾರಬೇಡಿ. ಊರಿನ ನಿವೃತ್ತ ಸುಬೇದಾರ್ ದೊಡ್ಡಪ್ಪನಿಂದ ಫೋನ್ ಮಾಡಿಸುವುದಂತೂ ಬೇಡವೇ ಬೇಡ. ಕೊಡಗಿನಲ್ಲಿ ಕಲ್ಲೆಸೆದರೆ ಮಾಜಿ ಸೈನಿಕರ ಮನೆಯ ಮೇಲೆ ಬೀಳುತ್ತದೆ, ಹಾಗಾಗಿ ಈ ಚಾಳಿ ನಮ್ಮಲ್ಲಿ ಹೆಚ್ಚು. ನನಗೂ ಅಂಥ ಫೋನ್‌ಗಳು ಬರುತ್ತಿದ್ದವು. "ಖಂಡಿತ ನೋಡಿಕೊಳ್ಳುತ್ತೇನೆ" ಎಂದು ಹೇಳಿ ಹುಡುಗನನ್ನು ಲಂಗರಿನಲ್ಲಿ, ಅಂದರೆ ಅಡುಗೆಮನೆಯಲ್ಲಿ, ಈರುಳ್ಳಿ ಸುಲಿಯಲು ಕಳುಹಿಸುತ್ತಿದ್ದೆ.

ಗಿನತಿ: ಎಲ್ಲರೂ ಎಡವುವ ಕಲ್ಲು

ಇಲ್ಲಿ ನಿಧಾನವಾಗಿ ಓದಿ. ತೋಟದಲ್ಲಿ ಬೆಳೆದವರು ಬೆಳಗಿನ ಮಸ್ಟರ್ ನೋಡಿದ್ದೀರಿ. ಮೇಸ್ತ್ರಿ ಆಳುಗಳನ್ನು ನಿಲ್ಲಿಸಿ ತಲೆ ಎಣಿಸುತ್ತಾನೆ, ಯಾರು ಬಂದಿಲ್ಲ, ಏಕೆ ಬಂದಿಲ್ಲ ಎಂದು ಲೆಕ್ಕ ಬರೆಯುವ ರೈಟರಿಗೆ ಹೇಳುತ್ತಾನೆ. ಸೀನಿಯರನ ಕೆಲಸವೂ ಅದೇ, ಸಮಯ ಮಾತ್ರ ಅರ್ಧ ನಿಮಿಷ.

ಪ್ಲಾಟೂನ್ ಮೂರು ಸಾಲಿನಲ್ಲಿ ನಿಲ್ಲುತ್ತದೆ. ಒಂದು, ಎರಡು ಎಂದು ಗಿನತಿ ಕೂಗುವುದು ಮುಂದಿನ ಸಾಲು ಮಾತ್ರ. ಅದು ಹನ್ನೆರಡಕ್ಕೆ ನಿಂತರೆ ಮೂರರಿಂದ ಗುಣಿಸಿ, 36. ಅಷ್ಟಕ್ಕೇ ವರದಿ ಒಪ್ಪಿಸಲು ಓಡಬೇಡಿ. ಎಡದಿಂದ ಎರಡನೆಯ ಫೈಲನ್ನು, ಅಂದರೆ ಒಬ್ಬರ ಹಿಂದೊಬ್ಬರು ನಿಲ್ಲುವ ಮೂವರ ಜಾಗವನ್ನು, ನೋಡಿ. ಒಟ್ಟು ತಲೆ ಮೂರರಿಂದ ಭಾಗವಾಗದಿದ್ದಾಗ ಖಾಲಿ ಬಿಡುವ ಜಾಗ ಅದು, ಬ್ಲ್ಯಾಂಕ್ ಫೈಲ್ ಎನ್ನುತ್ತಾರೆ. ನಡುಸಾಲು ಮಾತ್ರ ಖಾಲಿಯಿದ್ದರೆ ಒಂದು ಕಳೆಯಿರಿ, 35. ನಡುಸಾಲು, ಹಿಂದಿನ ಸಾಲು ಎರಡೂ ಖಾಲಿಯಿದ್ದರೆ 34. ಎಡ ಎಂದರೆ ಪ್ಲಾಟೂನಿನ ಎಡ. ಎದುರು ನಿಂತ ನಿಮಗೆ ಅದು ಬಲಗಡೆ. ತಪ್ಪು ತುದಿಯನ್ನು ನೋಡಿ ಎಲ್ಲ ಭರ್ತಿಯಿದೆ ಎಂದುಕೊಂಡು ಒಬ್ಬನನ್ನು ಹೆಚ್ಚು ಹೇಳಿದವರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ.

ಒಟ್ಟು ನಲವತ್ತರಲ್ಲಿ ಹಾಜರಿ 35 ಆದರೆ ಉಳಿದ ಐವರು ಎಲ್ಲಿ? ಇದು ಬೆಳಿಗ್ಗೆ ಹುಡುಕುವ ಉತ್ತರವಲ್ಲ. ಹಿಂದಿನ ಸಂಜೆ ರೋಲ್ ಕಾಲ್ ಮುಗಿದ ಕೂಡಲೇ ಬರೆದುಕೊಳ್ಳಬೇಕು: ಎಂ.ಐ. ರೂಮಿಗೆ (ವೈದ್ಯಕೀಯ ತಪಾಸಣೆಯ ಕೋಣೆ) ಸಿಕ್ ರಿಪೋರ್ಟ್ 2, ಲಂಗರ್ 2, ಸ್ಟೋರ್ 1. ಬೆಳಿಗ್ಗೆ ಎದ್ದಾಗ ಹೊಸದಾಗಿ ಜ್ವರ ಬಂದವನಿದ್ದರೆ ಅವನನ್ನೂ ಸೇರಿಸಿ. 35ಕ್ಕೆ 5 ಕೂಡಿದರೆ 40. ಕೂಡದಿದ್ದರೆ ಬಾಯಿ ತೆರೆಯಬೇಡಿ, ಮತ್ತೆ ಎಣಿಸಿ. ಬರೆಯಲು ಅಂಗೈ ಬಳಸಬೇಡಿ, ಬೆವರಿಗೆ ಅಳಿಸಿಹೋಗುತ್ತದೆ. ಜೇಬಿನಲ್ಲಿ ಸಣ್ಣ ಪುಸ್ತಕ ಇರಲಿ, ಜೊತೆಗೆ ಪೆನ್ಸಿಲ್ ಇರಲಿ. ಮಳೆಯಲ್ಲಿ ಶಾಯಿ ಏನಾಗುತ್ತದೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಉಸ್ತಾದರ ಮುಂದೆ ನಿಂತಮೇಲೆ ಅಂಕಿಯನ್ನು ಒಮ್ಮೆ ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ, ಆಮೇಲೆ ಹಿಂದಿಯಲ್ಲಿ ಒಪ್ಪಿಸಿ. ಆ ಒಂದು ಕ್ಷಣದ ತಡಕ್ಕೆ ಯಾರೂ ಬೈಯುವುದಿಲ್ಲ.

ಕೊನೆಯದು, ಅತ್ಯಂತ ಕಷ್ಟದ್ದು. ಒಂದು ದಿನ ಗೆಳೆಯನೊಬ್ಬ "ಹೇಗಾದರೂ ಹಾಜರಿ ಹೇಳಿಬಿಡು, ಐದು ನಿಮಿಷದಲ್ಲಿ ಬರುತ್ತೇನೆ" ಎಂದು ಚಾರ್ಪಾಯಿಯಲ್ಲಿ ಮಗ್ಗುಲು ಬದಲಿಸುತ್ತಾನೆ. ಹೇಳಬೇಡಿ. ಬೆಳಗಿನ ಪರೇಡಿನಲ್ಲಿ ಇದು ಸಣ್ಣ ಸುಳ್ಳು, ಆದರೆ ನಾಲಿಗೆಗೆ ಒಮ್ಮೆ ರೂಢಿಯಾದರೆ ರಾತ್ರಿ ಕಸರತ್ತಿನಲ್ಲೂ ಅದೇ ಬರುತ್ತದೆ. ನನ್ನ ಪ್ಲಾಟೂನಿನ ಸೀನಿಯರ್ ಒಬ್ಬ ಕತ್ತಲಲ್ಲಿ ಮೂರು ಸಲ ಎಣಿಸಿ "ಒಬ್ಬ ಕಡಿಮೆ ಉಸ್ತಾದ್" ಎಂದ. ಎಲ್ಲರಿಗೂ ಸಾಕಾಗಿತ್ತು, ಗಾಡಿ ಕಾಯುತ್ತಿತ್ತು, ನನಗೂ ಸಿಟ್ಟು ಬಂತು. ಹುಡುಕುತ್ತಾ ಹೋದರೆ ಹುಡುಗನೊಬ್ಬ ಚರಂಡಿಯಂಥ ಹಳ್ಳದಲ್ಲಿ ಕಾಲು ಉಳುಕಿಸಿಕೊಂಡು ಬಿದ್ದಿದ್ದ. ನಾಚಿಕೆಗೆ ಕೂಗಿಯೂ ಇರಲಿಲ್ಲ. ಆ ಸೀನಿಯರನನ್ನು ತರಬೇತಿ ಮುಗಿದು ಪ್ರತಿಜ್ಞೆ ಸ್ವೀಕರಿಸುವ ಕಸಮ್ ಪರೇಡಿನವರೆಗೂ ಬದಲಿಸಲಿಲ್ಲ. ಅವನ ಓಟ ತೀರ ಸಾಧಾರಣ.

ಇಳಿಸಿದಾಗ

ಬಹುತೇಕ ಎಲ್ಲರನ್ನೂ ಒಂದಲ್ಲ ಒಂದು ದಿನ ಇಳಿಸುತ್ತಾರೆ, ತಪ್ಪಿಗಾಗಿಯೇ ಎಂದೇನಿಲ್ಲ, ಇನ್ನೊಬ್ಬನಿಗೂ ಅವಕಾಶ ಸಿಗಲೆಂದು. ಮುಖ ಸಿಂಡರಿಸಬೇಡಿ. ಪುಸ್ತಕವನ್ನು ಹೊಸಬನ ಕೈಗೆ ಕೊಡಿ. ಯಾರ ಸಂತ್ರಿ ಪಾಳಿ ಬಾಕಿಯಿದೆ, ಸೋಮವಾರ ಬಂತೆಂದರೆ ಯಾರಿಗೆ ಹೊಟ್ಟೆನೋವು ಬರುತ್ತದೆ, ಯಾರನ್ನು ಎರಡು ಸಲ ಅಲುಗಿಸಿ ಎಬ್ಬಿಸಬೇಕು, ಎಲ್ಲ ಹೇಳಿಬಿಡಿ. ಮರುದಿನ ಮುಂದಿನ ಸಾಲಿನಲ್ಲಿ ನಿಂತು ನಿಮ್ಮ ನಂಬರನ್ನು ಗಟ್ಟಿಯಾಗಿ ಕೂಗಿ. ನೀವು ಗೊಣಗಿದ್ದು ಕೇಳಿಸದೆ ಅವನು ಎರಡನೇ ಸಲ ಎಣಿಸಬೇಕಾದರೆ ನಲವತ್ತು ಜನರ ಚಹಾ ತಣ್ಣಗಾಗುತ್ತದೆ.